ಪೂಜೆಯ ದಿನ ನಿಲ್ಲದ ಎಂಜಿನ್ನು

ನಮ್ಮ ಮನೆಯಲ್ಲಿ ಅಪ್ಪನ ಎದುರು ಗಟ್ಟಿಯಾಗಿ ಕೆಮ್ಮಿದವರೂ ಇರಲಿಲ್ಲ. ಅಂಥ ಮನೆಯಿಂದ ಬಂದ ನನಗೆ ಹಿರೇಕೆರೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿಯ ಗದ್ದಲದಲ್ಲಿ ಕೂಗದೆ ಹೇಳಿದ ಮಾತು ಪಕ್ಕದವನಿಗೂ ಮುಟ್ಟುತ್ತಿರಲಿಲ್ಲ. ನಾನೋ, ಸಾಹುಕಾರರ ಮುಂದೆ ತಲೆಯಾಡಿಸಿಕೊಂಡೇ ದಿನ ದೂಡುತ್ತಿದ್ದೆ.

ಮಹಾಯುದ್ಧ ಶುರುವಾದ ಮರುವರ್ಷದ ಸುಗ್ಗಿ. ಮೊದಲ ದಿನ ಲಕ್ಷ್ಮೀಪೂಜೆ ಮಾಡಿ ಎಂಜಿನ್ನು ಚಾಲೂ ಮಾಡಿದರೆ ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲಿಸಬಾರದು, ನಿಲ್ಲಿಸಿದರೆ ವರ್ಷವಿಡೀ ವ್ಯಾಪಾರ ನಿಂತಂತೆ ಎಂಬುದು ಅಲ್ಲಿಯ ಕಟ್ಟಳೆ. ಆ ಪೂಜೆಯ ದಿನ ಮಧ್ಯಾಹ್ನ ಹತ್ತಿ ಹಂಚಿಸುತ್ತ ಬಂದವನು ತಲೆ ಎತ್ತಿದೆ. ಎಂಜಿನ್ನಿನಿಂದ ಯಂತ್ರಗಳಿಗೆ ಓಡುವ ಚರ್ಮದ ಪಟ್ಟೆಯ ಹೊಲಿಗೆ ಬಿಚ್ಚತೊಡಗಿತ್ತು. ಪ್ರತಿ ಸುತ್ತಿಗೂ ಅದರ ತುದಿ ತೊಲೆಗೆ ಬಡಿಯುತ್ತಿತ್ತು. ಅದರ ಕೆಳಗೇ ಹೆಂಗಸರು ಸಾಲಾಗಿ ಕೂತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದರು. ಪಟ್ಟೆ ಹರಿದು ಬೀಸಿದರೆ ಯಾರ ತಲೆ ಉಳಿದೀತು?

ಸಾಹುಕಾರರು ಬಾಗಿಲ ಬಳಿ ಬೀಗರೊಂದಿಗೆ ಲೋಡಿಗೆ ಒರಗಿ ಕೂತಿದ್ದರು. ಹೋಗಿ ಹೇಳಿದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ. ಪ್ರಸಾದಕ್ಕೆ ಬಂದಿದ್ದಾನೆ ಎಂದುಕೊಂಡು ಪೇಢೆಯ ತಟ್ಟೆ ಚಾಚಿದರು. ನಾನು ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ ಕೂಡ! ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಪಟ್ಟಾ ಹರಿಯಾಕತ್ತೈತ್ರಿ! ಎಂಜಿನ್ ನಿಲ್ಲಸ್ರಿ!" ಎಂದು ಕಿರುಚಿದೆ.

ಸಾಹುಕಾರರು ಎದ್ದು ನಿಂತರು. "ಇವತ್ತ ನಿಲ್ಲಸು ಅಂತೀಯಾ? ನಾಳಿಂದ ಬರಬ್ಯಾಡ ನೀ."

ಎಂಜಿನ್ನು ನಡೆಸುವವನು ಅವರ ಮುಖ ನೋಡಿ ಅದನ್ನು ಓಡಲು ಬಿಟ್ಟ. ಕೆಲಸವಂತೂ ಹೋಯಿತು. ಹೆಂಗಸರ ಕಡೆ ಓಡಿದೆ. "ಏಳ್ರಿ! ಎಲ್ಲಾರೂ ಹೊರಗ ನಡೀರಿ!"

ಸಾಲಿನ ಮೊದಲಿಗೆ ಕೂತಿದ್ದ ಮುದುಕಿ, "ಸಾವ್ಕಾರ್ರು ಹೇಳ್ಯಾರೇನ್ರಿ?" ಎಂದಳು.

"ಇಲ್ಲ ಬೇ, ನಾ ಹೇಳಾಕತ್ತೇನಿ."

ಅಂಥ ಮಾತು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಮುದುಕಿ ಕತ್ತೆತ್ತಿ ಪಟ್ಟೆ ನೋಡಿದಳು, ಸೀರೆಗೆ ಅಂಟಿದ ಹತ್ತಿ ಕೊಡವಿಕೊಂಡು ಎದ್ದಳು. ಉಳಿದವರೂ ಎದ್ದರು.

ಸಂಜೆಯವರೆಗೆ ಯಂತ್ರಗಳು ಬರಿದೇ ಓಡಿದವು. ಪಟ್ಟೆ ಹರಿಯಲಿಲ್ಲ. ಬೀಗರು ನನ್ನನ್ನು ನೋಡಿ ನಕ್ಕರು. ಅವಮಾನದಿಂದ ಮೈಯೆಲ್ಲ ಉರಿಯಿತು. ಹಾಳಾದ್ದು ಹರಿಯಬಾರದಿತ್ತೇ ಎಂದು ಒಂದು ಕ್ಷಣ ಅನಿಸಿದ್ದೂ ನಿಜ.

ಮರುದಿನ ಬೆಳಿಗ್ಗೆ ಅಲ್ಲೇ ಬಿಟ್ಟಿದ್ದ ಕೊಡೆ ತರಲು ಹೋದೆ. ಹೆಂಗಸರು ಅಂಗಳದಲ್ಲೇ ನಿಂತಿದ್ದರು. ಪಟ್ಟೆ ಹೊಲಿಸಿದ್ದಾಗಿದೆ ಎಂದು ಸಾಹುಕಾರರು ಎಷ್ಟು ಹೇಳಿದರೂ ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ. ನನ್ನನ್ನು ಕಂಡು ಮುದುಕಿ, "ಇವ್ರು ನೋಡ್ಲಿರಿ. ಆಮ್ಯಾಲೆ ಕುಂಡ್ರತೇವಿ," ಎಂದಳು.

ಸಾಹುಕಾರರು ನನ್ನತ್ತ ನೋಡದೆಯೇ ದಾರಿ ಬಿಟ್ಟು ಸರಿದರು. ಒಳಗೆ ಹೋಗಿ, ಏಣಿ ಹತ್ತಿ, ಹೊಲಿಗೆಯನ್ನು ಜಗ್ಗಿ ಜಗ್ಗಿ ನೋಡಿದೆ. ಗಟ್ಟಿಯಾಗಿತ್ತು. ಇಳಿದು ಬಂದಾಗ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ಕುಂಡ್ರಿ" ಎನ್ನಬೇಕಿತ್ತು, ಬಾಯಿ ಬರಲಿಲ್ಲ. ನನ್ನ ಮಾತು ನಂಬಿ ಕೂತವರ ಮೇಲೆ ಪಟ್ಟೆ ಹರಿದರೆ? ಹಿಂದಿನ ದಿನ ಕಿರುಚುವಾಗಲೂ ಇಷ್ಟು ಹೆದರಿರಲಿಲ್ಲ.