ರಟ್ಟೆಯ ಮೇಲಿನ ದೇವಿ

ನಮ್ಮ ಕಡೆ ಎಲ್ಲಕ್ಕೂ ಒಂದೇ ಹೆಸರು. ಜೀವ ತೆಗೆಯುವ ಮೈಲಿಬೇನೆಯೂ ದೇವಿ, ನೀರುಗುಳ್ಳೆ ಏಳುವ ಸೀತಾಳೆ ಸಿಡುಬೂ ದೇವಿ, ಸರಕಾರದವರು ಬಂದು ರಟ್ಟೆಗೆ ಚುಚ್ಚಿ ಕಲೆ ಉಳಿಸಿ ಹೋಗುತ್ತಿದ್ದ ಲಸಿಕೆಯೂ ದೇವಿ. ಈ ಹೆಸರೇ ಒಮ್ಮೆ ನನ್ನ ಜೀವ ಹಿಂಡಿತು.

ಎಪ್ಪತ್ತರ ದಶಕದ ಶುರುವಿನ ಮಾತು. ಮಾನ್ವಿಯ ತವರಿನಲ್ಲಿ ಬಾಣಂತನ ಮುಗಿಸಿ, ಹಸುಗೂಸನ್ನು ಎತ್ತಿಕೊಂಡು ದೇವದುರ್ಗದ ಗಂಡನ ಮನೆಗೆ ಬಂದಿದ್ದೆ. ಬಂದ ವಾರದಲ್ಲೇ ಆರು ವರ್ಷದ ಮಗಳಿಗೆ ಜ್ವರ ಬಂತು. ಬೆನ್ನ ಮೇಲೆ ನೀರುಗುಳ್ಳೆ ಎದ್ದವು. ಕೂಸಿಗೆ ಇನ್ನೂ ದೇವಿ ಹಾಕಿಸಿರಲಿಲ್ಲ.

ಅತ್ತೆ ಮಾತ್ರ ನಿರಾಳ. ಮಗಳ ರಟ್ಟೆ ಎತ್ತಿ ಕಲೆ ತೋರಿಸಿದರು. "ಇಕಿಗೆ ದೇವಿ ಹಾಕ್ಸೀವಿ. ಈಗ ಬಂದ ದೇವಿ ಇಕಿ ಮೈಯಾಗ ತಣ್ಣಗ ಕುಂತು ಹೋಗ್ತಾಳ. ತಮ್ಮನ ತನಕ ಹೋಗಂಗಿಲ್ಲ."

ನಂಬಬೇಕೆಂದು ಬಹಳ ಆಸೆಯಾಯಿತು. ಹೊಟ್ಟೆಯೊಳಗಿನ ಅಂಜಿಕೆ ಕೇಳಬೇಕಲ್ಲ. ಸಂತೆಯ ದಿನ ರಾಯಚೂರಿನಿಂದ ಬರುತ್ತಿದ್ದ ಡಾಕ್ಟರರ ಹತ್ತಿರ ಓಡಿದೆ. "ಆ ಕಲಿ ದೊಡ್ಡ ದೇವಿಗಿ, ಮೈಲಿಬ್ಯಾನಿಗಿ ಅಷ್ಟ ಯವ್ವಾ," ಎಂದರು. "ಈ ಸಣ್ಣ ದೇವಿಗಿ ಹಾಕ್ಸೂ ಲಸಿಕಿ ಇನ್ನಾ ಹುಟ್ಟೇ ಇಲ್ಲ. ಕೂಸಿನ್ನ ದೂರ ಇಡ್ರಿ."

ದೂರ ಇಡಲು ನಮ್ಮದೇನು ಅರಮನೆಯೇ? ಒಂದು ಪಡಸಾಲೆ, ಒಂದು ಕೋಣೆ. ಮಗಳನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಎಳೆದುಕೊಂಡೆ. ಅತ್ತೆ ಕೆಂಡವಾದರು.

"ಮನಿಗಿ ಬಂದ ದೇವಿನ್ನ ಒಳಗ ಹಾಕಿ ಬಾಗಲಾ ಹಾಕ್ತಿ. ಆಕಿ ಸಿಟ್ಟಾದ್ರ ಏನ್ ಮಾಡ್ತಿ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಇನ್ನೂ ಬಂದಿರಲಿಲ್ಲ, ಆದರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಅತ್ತೆಯೇ ಒಳಗೆ ಹೋಗಿ, ಬೇವಿನ ಸೊಪ್ಪು ಹಾಸಿ ಮಗಳ ಆರೈಕೆಗೆ ಕೂತರು. ಡಾಕ್ಟರರ ಮಾತು ಖರೆಯೋ, ಅತ್ತೆಯದು ಖರೆಯೋ? ನಾನು ರೋಗಕ್ಕೂ ಅಂಜಿದೆ, ದೇವಿಗೂ ಅಂಜಿದೆ. ಪಡಸಾಲೆಯಲ್ಲಿ ಗಳಿಗೆಗೊಮ್ಮೆ ಕೂಸಿನ ಕುಂಚಿಗೆ ಬಿಚ್ಚಿ ಮೈ ನೋಡುತ್ತಿದ್ದೆ. ಅದು ಸೀನಿದರೂ ಮತ್ತೆ ಬಿಚ್ಚುತ್ತಿದ್ದೆ.

ಮಗಳ ಗುಳ್ಳೆಗಳು ಒಣಗತೊಡಗಿದವು. ಅಂತೂ ಪಾರಾದೆವು ಅಂದುಕೊಂಡೆ. ಅದೇ ಹೊತ್ತಿಗೆ ಒಂದು ಬೆಳಿಗ್ಗೆ ಕೂಸಿಗೆ ನೀರು ಎರೆಯುವಾಗ, ಕಿವಿಯ ಹಿಂದೆ ಒಂದು ನೀರುಗುಳ್ಳೆ ಕಂಡಿತು.

ಕೂಸು ಮುಂದೆ ಬದುಕಿತು. ಆದರೆ ಆ ಬೆಳಿಗ್ಗೆ ನನಗದು ಗೊತ್ತಿರಲಿಲ್ಲ.

ಬಾಗಿಲ ಸಂದಿಯಿಂದ ಮಗಳು ಕೇಳಿದಳು: "ಯವ್ವಾ, ನಾನು ದೇವಿ ಹಾಕಿಸ್ಕೊಂಡೀನಲ್ಲ, ನನ್ನಿಂದ ತಮ್ಮಗ ಏನೂ ಆಗಂಗಿಲ್ಲ, ಹೌದಿಲ್ಲೋ?"

"ಏನೂ ಆಗಂಗಿಲ್ಲ, ನನ್ನವ್ವಾ," ಎಂದೆ. ಕೂಸಿನ ಕಿವಿಯ ಮೇಲೆ ಸೆರಗು ಎಳೆದೆ.