ಅರ್ಜಿ ಮಾಸ್ತರರ ಲೋಕಸಭಾ ಪುಸ್ತಕ

ಅವರ ಎಡಗೈಯ ಮೂರು ಬೆರಳುಗಳ ತುದಿ ಸದಾ ನೀಲಿಯಾಗಿರುತ್ತಿತ್ತು. ಸಿದ್ದಾಪುರದ ತಾಲೂಕು ಕಚೇರಿಯ ಎದುರಿನ ಜಗುಲಿಯಲ್ಲಿ ಕೂತು ಹತ್ತಾರು ವರ್ಷ ಅರ್ಜಿ ಬರೆಯುವಾಗ ಕಾರ್ಬನ್ ಹಾಳೆ ಒತ್ತಿ ಹಿಡಿದ ಕೈ ಅದು. ಪಕ್ಕದಲ್ಲೇ ಕಂಪ್ಯೂಟರ್ ಅಂಗಡಿ ಬಂದ ಮೇಲೂ ಅವರು ಕಾರ್ಬನ್ ಬಿಡಲಿಲ್ಲ. ಒಂದು ದಿನವೂ ಶಾಲೆಯಲ್ಲಿ ಕಲಿಸಿದವರಲ್ಲವಾದರೂ ಊರಿಗೆಲ್ಲ ಅವರು ಅರ್ಜಿ ಮಾಸ್ತರು.

ನಾನು ಆಗ ಶಿರಸಿಯಲ್ಲಿದ್ದುಕೊಂಡು ಸಿದ್ದಾಪುರ, ಯಲ್ಲಾಪುರವೂ ಸೇರಿ ಮೂರು ತಾಲೂಕುಗಳ ಸುದ್ದಿಯನ್ನು ಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೆ. ಅವರ ಮೇಜಿನ ಮೇಲೆ ರಟ್ಟಿಗೆ ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕವೊಂದು ಇರುತ್ತಿತ್ತು. ಅದರಲ್ಲಿ ಇದ್ದದ್ದು ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರ ಕೆಲಸ: ಮಂಡಿಸಿದ ಮಸೂದೆ, ಕೇಳಿದ ಪ್ರಶ್ನೆ, ಹಾಕಿದ ಮತ. ಸದನದ ಕಲಾಪ ಪತ್ರಿಕೆಯನ್ನು ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಅದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಸದಸ್ಯರು ಬದಲಾದರು, ಪಕ್ಷ ಬದಲಾಯಿತು. ಪುಸ್ತಕದ ಅಂಕಣಗಳು ಬದಲಾಗಲಿಲ್ಲ.

ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಸದಸ್ಯರಿಗೆ ಅರ್ಜಿ ಬರೆಯುವಾಗ ‘ತಾವೇ ಇಂಥ ದಿನ ಸದನದಲ್ಲಿ ಕೇಳಿದಂತೆ’ ಎಂದು ಶುರು ಮಾಡಿದರೆ ಉತ್ತರ ಬೇಗ ಬರುತ್ತದೆ ಎಂದರು. ಅದಕ್ಕಿಂತ ದೊಡ್ಡ ಕಾರಣ ಹೇಳಲಿಲ್ಲ.

ಮತದ ಅಂಕಣದಲ್ಲಿ ಬಹುಪಾಲು ಸಾಲುಗಳು ಒಂದೇ ರೀತಿ ಇದ್ದವು: ‘ಧ್ವನಿಮತ, ಹೆಸರು ದಾಖಲಾಗಿಲ್ಲ.’ ಒಮ್ಮೆ ನಾನು ಅಲ್ಲಿರುವಾಗಲೇ ಸದಸ್ಯರ ಪಕ್ಷದ ಕಾರ್ಯಕರ್ತರೊಬ್ಬರು ಬಂದು ತಕರಾರು ತೆಗೆದರು.

‘ನಮ್ಮ ಸಾಹೇಬ್ರು ಹೌದು ಅಂದಿದ್ದು ಟಿವಿಯಲ್ಲೇ ಬಂತಲ್ಲ ಮಾಸ್ತರ್ರೇ. ಪರವಾಗಿ ಅಂತ ಬರ್ಕೊಳ್ಳಿ.’

‘ಟಿವಿಯಲ್ಲಿ ಬಾಯಿ ಕಂಡಿದ್ದು. ಕಾಗದದಲ್ಲಿ ಹೆಸರು ಎಲ್ಲುಂಟು?’

‘ನೀವು ಆ ಕಡೆಯವ್ರು, ಬಿಡಿ.’

‘ಎಡ ಬಲ ನೋಡ್ಕೊಂಡು ಹೋಗ್ಲಿಕ್ಕೆ ನಾ ಎಂತ ಬಸ್ ಡ್ರೈವರಾ? ಚಾ ಕುಡಿದು ಹೋಗಿ.’

ಆ ಮನುಷ್ಯ ಚಾ ಕುಡಿದೇ ಹೋದರು. ಮುಂದಿನ ವಾರ ತಮ್ಮ ಖಾತೆ ಬದಲಾವಣೆಯ ಅರ್ಜಿ ಬರೆಸಲು ಅವರ ಬಳಿಯೇ ಬಂದರು.

ಹಿಂದಿನ ಲೋಕಸಭೆಯ ಅವಧಿಯಲ್ಲಿ ಒಂದು ಶುಕ್ರವಾರ ಅರಣ್ಯಭೂಮಿ ಸಾಗುವಳಿದಾರರನ್ನು ಒಕ್ಕಲೆಬ್ಬಿಸದಂತೆ ಕೋರುವ, ಸರ್ಕಾರದ್ದಲ್ಲದ ಖಾಸಗಿ ಮಸೂದೆಯೊಂದನ್ನು ನಮ್ಮ ಸದಸ್ಯರು ಮಂಡಿಸಿದರು. ಸುದ್ದಿ ಬರೆದವನು ನಾನು. ಒಳಗೆ ‘ಮಂಡಿಸಿದರು’ ಎಂದೇ ಬರೆದಿದ್ದೆ. ತಲೆಬರಹ ಮಾತ್ರ ‘ಅರಣ್ಯ ಸಾಗುವಳಿದಾರರಿಗೆ ರಕ್ಷಣೆ’ ಎಂದಿತ್ತು. ಅದನ್ನು ಕೊಟ್ಟವನೂ ನಾನೇ.

ಒಂದು ತಿಂಗಳ ಮೇಲೆ ಮಾಸ್ತರರು ಶಿರಸಿಯ ನನ್ನ ಕೋಣೆಗೆ ಬಂದರು. ಕೈಯಲ್ಲಿ ಆ ಸುದ್ದಿಯ ತುಣುಕು ಇತ್ತು. ನನ್ನ ಜೊತೆ ಅವರು ಮನೆಮಾತನ್ನೇ ಆಡುತ್ತಿದ್ದರು; ಅದರಲ್ಲಿ ‘ಆಜು’ ಎಂದರೆ ಆಗಿದೆ.

‘ತಮಾ, ರಕ್ಷಣೆ ಹೇಳಿ ಬರದ್ಯಲ, ಎಲ್ಲಿದ್ದು ಅದು? ಮಂಡನೆ ಆಜು, ಅಷ್ಟೇ. ಚರ್ಚೆ ಆಜಿಲ್ಲೆ, ಮತ ಆಜಿಲ್ಲೆ.’

ವಿಷಯ ಇಷ್ಟು: ಹೇರೂರು ಕಡೆಯ ಹೆಂಗಸೊಬ್ಬರು ರೇಷನ್ ಕಾರ್ಡಿನ ಕೆಲಸಕ್ಕೆ ಅವರ ಬಳಿ ಬಂದಿದ್ದರು. ಅವರು ಸಾಗುವಳಿ ಮಾಡುವ ಅರಣ್ಯಭೂಮಿಯ ಹಕ್ಕಿನ ಅರ್ಜಿ ತಿರಸ್ಕಾರವಾಗಿತ್ತು. ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಲು ಅರವತ್ತು ದಿನ. ಅದರಲ್ಲಿ ಉಳಿದದ್ದು ಆರು. ಮಾಸ್ತರರು ಆಗಲೇ ಮೇಲ್ಮನವಿ ಬರೆದರು. ಹೆಂಗಸು ಸಹಿ ಹಾಕಲಿಲ್ಲ. ಹೊಸ ಕಾನೂನು ಬಂದಿದೆ, ಹಳೆಯದರಲ್ಲಿ ಅರ್ಜಿ ಹಾಕಿದರೆ ಹೊಸದರಲ್ಲಿ ಸಿಗುವುದಿಲ್ಲ ಎಂದು ನೆರೆಮನೆಯವರು ಪೇಪರ್ ಓದಿ ಹೇಳಿದ್ದರಂತೆ.

ನಾಳೆಯೇ ತಿದ್ದುಪಡಿ ಪ್ರಕಟಿಸುತ್ತೇನೆ ಎಂದೆ.

‘ಅದು ಒಳಗಿನ ಪುಟದಲ್ಲಿ ಬತ್ತು. ಅದನ್ನ ಓದಿ ಹೇಳೋರು ಯಾರು? ಆನು ಹೇಳಿದ್ರೆ ನಂಬ್ತಿಲ್ಲೆ, ಪೇಪರ್ ನಂಬ್ತು. ನೀ ಬರದ್ದೆ, ನೀನೇ ಬಂದು ಹೇಳು.’

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರೂ ಹೇರೂರಿಗೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ತಪ್ಪಿನ ಮಾತೆತ್ತಲಿಲ್ಲ. ಆ ಹೆಂಗಸು ಗದ್ದೆಯಂಚಿನಲ್ಲಿ ಮುಳ್ಳಿನ ಬೇಲಿ ಕಟ್ಟುತ್ತಿದ್ದರು.

‘ಇಲ್ಲಿಗೇ ಬಂದ್ರಾ ಮಾಸ್ತರ್ರೇ?’

‘ನಾ ಬಂದಿದ್ದಲ್ಲ ಮಾರಾಯ್ತಿ, ಪೇಪರಿಗೆ ಬರ್ದೋನನ್ನ ಕರ್ಕೊಂಡು ಬಂದೆ. ಕೇಳು.’

ಹೆಂಗಸು ನನ್ನ ಕಡೆ ತಿರುಗಿದರು. ಕೈ ಕೆಲಸ ಬಿಟ್ಟಿರಲಿಲ್ಲ. ‘ಕಾನೂನು ಬಂದಿಲ್ವಾ ಹಂಗಾರೆ?’

ಬಂದಿಲ್ಲ ಎಂದೆ. ಸದನದ ಮುಂದೆ ಇಟ್ಟಿದ್ದಾರೆ, ಚರ್ಚೆಯಾಗಬೇಕು, ಮತವಾಗಬೇಕು, ಇಂಥವು ಆಗುವುದು ಬಹಳ ಅಪರೂಪ ಎಂದು ವಿವರಿಸಿದೆ.

‘ಮತ್ತೆ ಪೇಪರ್ನಾಗೆ ಹಾಕಿದ್ದು ಸುಳ್ಳಾ?’

‘ಕೆಳಗೆ ಬರೆದದ್ದು ಸರಿ. ಮೇಲಿನ ದಪ್ಪ ಅಕ್ಷರ ತಪ್ಪು.’

‘ನಾ ಓದ್ಸಿದ್ದು ದಪ್ಪ ಅಕ್ಷರ ಅಷ್ಟೇಯ.’

ಮಾಸ್ತರರು ಕಲ್ಲಿನ ಮೇಲೆ ಕೂತು ಚಪ್ಪಲಿಯ ಕೆಸರು ಕೆರೆಯುತ್ತಿದ್ದರು. ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದರು. ಮೂರು ಪ್ರತಿಗೂ ಸಹಿ ಹಾಕಿ, ‘ಹೊಸದು ಬಂದಾಗ ಇದನ್ನೇ ಹಿಡ್ಕಂಡು ಬರ್ಬೋದಲ್ಲ?’ ಎಂದರು. ಬರಬಹುದು ಎಂದರು ಮಾಸ್ತರರು.

ಮೇಲ್ಮನವಿಯನ್ನು ಅವರು ಅಂಚೆಗೆ ಹಾಕಲಿಲ್ಲ. ಬಸ್ಸು ಹತ್ತಿ ಕಾರವಾರದ ಜಿಲ್ಲಾ ಕಚೇರಿಗೆ ಹೋಗಿ ಕೊಟ್ಟು, ಸ್ವೀಕೃತಿಯ ಮೊಹರು ಒತ್ತಿಸಿಕೊಂಡು ಬಂದರು. ಆಗ ಗಡುವಿಗೆ ಎರಡು ದಿನ ಉಳಿದಿತ್ತು. ನನ್ನ ತಿದ್ದುಪಡಿ ನಾಲ್ಕು ಸಾಲಿನಲ್ಲಿ, ಅವರು ಹೇಳಿದಂತೆ ಒಳಗಿನ ಪುಟದಲ್ಲೇ ಬಂತು.

ಅಲ್ಲಿಂದ ಮುಂದೆ ಸದನದ ಯಾವುದೇ ಸುದ್ದಿ ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ ತಲೆಬರಹ ಓದಿ ಹೇಳುತ್ತಿದ್ದೆ. ಹೆಚ್ಚಿನ ಸಲ ಬರುತ್ತಿದ್ದ ಉತ್ತರ ಒಂದೇ: ‘ಎಷ್ಟು ಆಜೋ ಅಷ್ಟೇ ಹಾಕು.’ ಇಪ್ಪತ್ತು ವರ್ಷದ ವೃತ್ತಿಯಲ್ಲಿ ನನಗೆ ಯಾವ ಸಂಪಾದಕರೂ ಇದಕ್ಕಿಂತ ಚಿಕ್ಕದಾಗಿ ಕೆಲಸ ಕಲಿಸಿಲ್ಲ.

ಆ ಮಸೂದೆ ಚರ್ಚೆಗೆ ಬರಲೇ ಇಲ್ಲ. ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಮಾಸ್ತರರು ಹೋದ ವರ್ಷ ಚಳಿಗಾಲದಲ್ಲಿ ಬಿಳಗಿಯ ಮಗಳ ಮನೆಯಲ್ಲಿ ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಜಿಲ್ಲಾ ಸಮಿತಿ ಹೇರೂರಿನ ಮೇಲ್ಮನವಿಯನ್ನು ಮರುಪರಿಶೀಲನೆಗೆ ತಾಲೂಕಿಗೆ ಕಳಿಸಿತು. ಸರ್ವೆಯವರು ಬಂದು ಜಾಗ ಅಳೆದು ಹೋಗಿದ್ದಾರೆ. ಕಳೆದ ವಾರ ವಿಚಾರಿಸಿದಾಗ ಆದೇಶ ಬಂದಿರಲಿಲ್ಲ. ಹೆಂಗಸು ಅದೇ ಜಾಗದಲ್ಲಿದ್ದಾರೆ.