ರಂಗೋಲಿ ಹಾಕುವ ವರ

ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಕಟ್ಟುಗಟ್ಟಲೆ ಕಾಗದ ಸ್ಕ್ಯಾನ್ ಮಾಡಿ, ಒಬ್ಬೊಬ್ಬರದನ್ನು ಬೇರೆ ಬೇರೆ ಫೈಲ್ ಮಾಡಿಕೊಡುವ ಕೆಲಸವನ್ನೂ ಹಿಡಿಯುತ್ತೇನೆ. ಒಂದು ಮಧ್ಯಾಹ್ನ ಬಬಲೇಶ್ವರದಿಂದ ಮದುವೆ ಕೂಡಿಸುವ ಅಕ್ಕಾರೊಬ್ಬರು ಬಂದರು. ಚೀಲದ ತುಂಬ ವಧು-ವರರ ಬಯೋಡಾಟಾ. ಇಷ್ಟು ದಿನ ಆ ಚೀಲ ಹೊತ್ತೇ ಬಸ್ ಹತ್ತುತ್ತಿದ್ದರಂತೆ. ಈಗ ಮಂದಿ ಮೊದಲು ವಾಟ್ಸಾಪಿಗೆ ಕಳಿಸ್ರಿ ಅನ್ನುತ್ತಾರಂತೆ.

ಎಲ್ಲರದೂ ಎರಡೆರಡೇ ಹಾಳೆಯೇ ಎಂದು ಕೇಳಿದೆ. ಮೊದಲನೆಯದರಲ್ಲಿ ಫೋಟೋ, ಹೆಸರು, ಮನೆತನ. ಎರಡನೆಯದರಲ್ಲಿ ಓದು, ಕೆಲಸ, ಹವ್ಯಾಸ. ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಎಂದರು. ಇಡೀ ಕಟ್ಟನ್ನು ಸ್ಕ್ಯಾನರಿಗೆ ಕೊಟ್ಟು, ಎರಡು ಹಾಳೆಗೊಂದು ಫೈಲ್ ಆಗುವಂತೆ ಕಂಪ್ಯೂಟರಿಗೆ ಹೇಳಿದೆ. ಮೊದಲ ಫೈಲ್ ತೆಗೆದು ನೋಡಿದೆ, ಸರಿಯಿತ್ತು. ಕೊನೆಯದೂ ಸರಿಯಿತ್ತು. ನಡುವಿನವನ್ನು ತೆಗೆದು ನೋಡಲಿಲ್ಲ, ಅಲ್ಲಿ ಇಬ್ಬರು ಕೈಕೊಟ್ಟಿದ್ದು ಆಮೇಲೆ ಗೊತ್ತಾಯಿತು. ಒಬ್ಬ ಹುಡುಗ ತನ್ನ ಬಗ್ಗೆ ಹೇಳಲು ಏನೂ ತೋಚದೆ ಒಂದೇ ಹಾಳೆ ಕೊಟ್ಟಿದ್ದ. ಕಟ್ಟಿನ ಕೆಳಗೆಲ್ಲೋ ಇನ್ನೊಬ್ಬನ ತಂದೆ ಮಗನ ಗುಣಗಾನವನ್ನು ಮೂರು ಹಾಳೆಗೆ ಎಳೆದಿದ್ದರು. ಲೆಕ್ಕವೇನೋ ಸರಿಹೋಯಿತು, ಆದರೆ ಅವರಿಬ್ಬರ ನಡುವೆ ಇದ್ದವರ ಫೋಟೋಗೆಲ್ಲ ತಮ್ಮ ಹಿಂದಿನವರ ಹವ್ಯಾಸ ಅಂಟಿಕೊಂಡಿತು.

ಹದಿನೈದು ದಿನದ ಮೇಲೆ ಅಕ್ಕಾರು ಮತ್ತೆ ಬಂದು ಸ್ಟೂಲಿನ ಮೇಲೆ ಕೂತು, ಮೊದಲು ನೀರು ಕೇಳಿ ಕುಡಿದು, ಆಮೇಲೆ ನಡೆದದ್ದು ಹೇಳಿದರು.

ಬಿಜ್ಜರಗಿಯ ದ್ರಾಕ್ಷಿ ತೋಟದ ಹುಡುಗನ ಫೈಲನ್ನು ಅವರು ಟಿಕೋಟಾದ ಒಂದು ಮನೆಗೆ ಕಳಿಸಿದ್ದರು. ಮೊದಲ ಹಾಳೆಯಲ್ಲಿ ರಂಗೋಲಿ, ಕಸೂತಿ, ಶಾವಿಗೆ ಮಾಡುವುದು, ಮೃದು ಸ್ವಭಾವ. ಎರಡನೆಯದರಲ್ಲಿ ಮೀಸೆ ತಿರುವಿದ ಹುಡುಗನ ಫೋಟೋ. ಹುಡುಗಿಯ ಅಜ್ಜಿ ಅದನ್ನು ಎರಡೆರಡು ಸಲ ಓದಿಸಿ ಕೇಳಿ, ಇಂಥವ ಈ ಸೀಮೆಯಲ್ಲಿ ಇನ್ನೊಬ್ಬ ಸಿಗುವುದಿಲ್ಲ, ಬೇಗ ಕರೆಸಿ ಎಂದಳಂತೆ.

ಹುಡುಗ ಬಂದ. ಅವಲಕ್ಕಿ, ಚಹಾ ಆದ ಮೇಲೆ ಅಜ್ಜಿ ಕೇಳಿದಳು, "ಮನಿ ಮುಂದ ದಿನಾ ರಂಗೋಲಿ ನೀನ ಹಾಕ್ತೀ ಏನಪಾ?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಫ್ಯಾನ್ ನೋಡುತ್ತಿದ್ದರು. ಈಗಿನ ಕಾಲದ ಹೆಣ್ಣಿನ ಕಡೆಯವರು ಹೀಗೂ ಪರೀಕ್ಷೆ ಮಾಡುತ್ತಾರೇನೋ ಎಂದುಕೊಂಡು ಅವನು ಹೂಂ ಎಂದುಬಿಟ್ಟ. ಅಜ್ಜಿ ರಂಗೋಲಿ ಡಬ್ಬಿ ತರಿಸಿಯೇ ಬಿಟ್ಟಳು.

ಅವನಿಗೆ ಗೊತ್ತಿದ್ದುದು ದ್ರಾಕ್ಷಿ ಬಳ್ಳಿ ಹಚ್ಚುವುದೊಂದೇ. ಕಂಬ ನೆಟ್ಟ ಹಾಗೆ ಸಾಲಾಗಿ ಚುಕ್ಕಿ ಇಟ್ಟ, ಡ್ರಿಪ್ ಪೈಪ್ ಎಳೆದ ಹಾಗೆ ಸಾಲಿಗೊಂದು ಗೆರೆ ಎಳೆದ, ಮೂಲೆಗೆ ಒಂದು ಚೌಕ ಬರೆದ. ಆ ಚೌಕ ಏನೆಂದು ಅಜ್ಜಿ ಕೇಳಿದಳು.

"ಹೊಂಡಾ ರೀ. ನೀರಿಲ್ಲಂದ್ರ ತ್ವಾಟ ಹ್ಯಾಂಗ ನಿಲ್ಲತೈತ್ರಿ?"

ಬಾಗಿಲಲ್ಲಿ ನಿಂತಿದ್ದ ಹುಡುಗಿ ನಕ್ಕು ನಕ್ಕು ಅಲ್ಲೇ ಕುಸಿದು ಕೂತಳಂತೆ. ತನಗೂ ನಾಲ್ಕು ಚುಕ್ಕಿ ನೆಟ್ಟಗೆ ಇಡಲು ಬರುವುದಿಲ್ಲ, ಇವನೇ ಇರಲಿ ಎಂದು ಅವ್ವನಿಗೆ ಹೇಳಿದಳಂತೆ.

ಕೇಳುತ್ತ ಕೇಳುತ್ತ ನಾನು ಗಾಬರಿಯಿಂದ ಫೈಲುಗಳನ್ನು ತೆಗೆದೆ. ಆ ಹುಡುಗನ ಟ್ರ್ಯಾಕ್ಟರು, ಕುರಿ ಸಾಕಣೆ, ಕುಸ್ತಿ ಎಲ್ಲ ಹೋಗಿ ಗೋಳಗುಮ್ಮಟದ ಹತ್ತಿರದ ಒಬ್ಬ ಹುಡುಗಿಯ ಫೋಟೋದ ಜೊತೆ ಕೂತಿದ್ದವು. ಆಕೆ ಯಾವ ಗರಡಿಯಲ್ಲಿ ಕಲಿತಿದ್ದು ಎಂದು ಗಂಡಿನ ಕಡೆಯವರು ಆಗಲೇ ವಿಚಾರಿಸಿದ್ದರು.

ಬೈಗುಳಕ್ಕೆ ತಯಾರಾಗಿ ಕೂತೆ. ಅಕ್ಕಾರು ಬೈಯಲಿಲ್ಲ. "ಟಿಕೋಟಾದ್ದು ಕೂಡೇತಿ, ಅದಕ್ಕ ಕೈ ಹಚ್ಚಬ್ಯಾಡ. ಉಳಿದವ್ರದಷ್ಟ ಬಿಡಿಸಿ ಕೊಡವಾ."

ಇಬ್ಬರೂ ಕೂತು ಒಂದೊಂದೇ ಹಾಳೆ ನೋಡಿ ಬಿಡಿಸಿದೆವು. ಪ್ರತಿ ಫೋಟೋಗೂ ಅಕ್ಕಾರು ಮನೆತನದ ಪುರಾಣ ಹೇಳುತ್ತಿದ್ದರಿಂದ ಸಂಜೆಯಾಯಿತು.

ಮುಂದೆ ಟಿಕೋಟಾದ ಆ ಮದುವೆಗೆ ನನ್ನನ್ನೂ ಕರೆದರು. ಪಂಕ್ತಿಯಲ್ಲಿ, ಅಕ್ಕಾರಿಂದ ಹಾಳೆಯ ಕಥೆ ಕೇಳಿದ್ದ ವರನ ತಾಯಿ ಹೋಳಿಗೆ ಬಡಿಸುತ್ತ ಬಂದು, ನನ್ನ ಹತ್ತಿರ ಬಗ್ಗಿ, ತಮ್ಮ ಸಣ್ಣ ಮಗನ ಬಯೋಡಾಟಾಕ್ಕೆ ಅಡುಗೆ ಬರುತ್ತದೆ ಎನ್ನುವ ಹಾಳೆ ಎಲ್ಲಿಂದಾದರೂ ಸೇರಿಸಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಬರೇ ಹಾಳೆ ಬಿಡಿಸುವವಳು ಎಂದೆ. ಅವರು ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು.